ಸರ್ಕಾರ ಮಿತಿಯಲ್ಲಿದ್ದರೆ ಹೊಸದು ಹುಟ್ಟುತ್ತದೆಯೇ? ಬೆಳಗಾವಿಯ ಫೌಂಡ್ರಿಯಿಂದ ಒಂದು ಉತ್ತರ

"ವ್ಯಕ್ತಿಗೆ ಸ್ವಾತಂತ್ರ್ಯ ಇದ್ದು, ಸರ್ಕಾರ ತನ್ನ ಮಿತಿಯಲ್ಲಿದ್ದರೆ ಹೊಸ ಹೊಸ ವಸ್ತುಗಳು ಹುಟ್ಟುತ್ತವೆ ಅಂತಾರೆ. ನಮ್ಮ ಕಡೆ ಇದಕ್ಕೆ ಉದಾಹರಣೆ ಇದೆಯಾ?" ಅಂತ ಕೇಳಿದ್ದೀರಿ. ಇದೆ. ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಸಣ್ಣ ಫೌಂಡ್ರಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ, ನಡೆಸುತ್ತೇನೆ. ನಮ್ಮೂರಿನಿಂದಲೇ ಶುರು ಮಾಡುತ್ತೇನೆ.

ಕಿರ್ಲೋಸ್ಕರ್ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಮೊದಮೊದಲು ನೇಗಿಲು ಖರ್ಚಾಗಲೇ ಇಲ್ಲ. ಕಬ್ಬಿಣ ತಾಕಿದರೆ ಹೊಲಕ್ಕೆ ವಿಷ ಏರುತ್ತೆ ಅಂತ ರೈತರು ಹೆದರಿದರು. ಈ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗೋದು ಇದೇ. ಮಾಡಿ ನೋಡುವ ಹಕ್ಕು ಕಿರ್ಲೋಸ್ಕರರಿಗಿತ್ತು, ಬೇಡ ಅನ್ನುವ ಹಕ್ಕು ರೈತರಿಗಿತ್ತು. ಒಲ್ಲೆ ಅಂದವರನ್ನು ಒಪ್ಪಿಸಬೇಕಾದರೆ ನೇಗಿಲು ಚೆನ್ನಾಗಿರಲೇಬೇಕಲ್ವಾ?

ಮುಂದೆ ಹೊಸ ಬಡಾವಣೆಗೆ ಅಂತ ಪುರಸಭೆ ಅವರ ಜಾಗ ಖಾಲಿ ಮಾಡಿಸಿತು. ಆಗ ಔಂಧ ಸಂಸ್ಥಾನದ ರಾಜರು ಈಗಿನ ಮಹಾರಾಷ್ಟ್ರದ ಕುಂಡಲ್ ಹತ್ತಿರ ಜಾಗ ಕೊಟ್ಟರು, ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಾರ್ಖಾನೆ, ಅದರ ಸುತ್ತ ಕಿರ್ಲೋಸ್ಕರವಾಡಿ ಅನ್ನುವ ಊರು ಎದ್ದು ನಿಂತಿತು. "ಹಾಗಾದರೆ ಸರ್ಕಾರವೇ ಕೈಹಿಡಿಯಿತಲ್ಲ" ಅಂತ ನೀವು ಕೇಳಬಹುದು. ಹೌದು, ಹಿಡಿಯಿತು. ಆದರೆ ಜಾಗ ಕೊಟ್ಟವರು ನೇಗಿಲು ಹೀಗೇ ಇರಬೇಕು ಅಂತ ಹೇಳಲು ಹೋಗಲಿಲ್ಲ.

ಸ್ವತಂತ್ರ ಭಾರತ ಈ ವಿಷಯದಲ್ಲಿ ಉಲ್ಟಾ ದಾರಿ ಹಿಡಿಯಿತು. 1951ರಲ್ಲಿ ಕೈಗಾರಿಕೆಗಳ ಕಾಯ್ದೆ ಬಂತು. ಅದರ ಅಡಿಯಲ್ಲಿ ದೊಡ್ಡ ಕಾರ್ಖಾನೆಯವರು 'ಹೊಸ ವಸ್ತು' ತಯಾರಿಸಬೇಕೆಂದರೂ ದಿಲ್ಲಿಯ ಲೈಸೆನ್ಸ್ ಬೇಕಿತ್ತು. ನಮ್ಮಂಥ ಸಣ್ಣವರಿಗೆ ಆ ಲೈಸೆನ್ಸ್ ಬೇಡ, ಆದರೆ ಎರಕಕ್ಕೆ ಬೇಕಾದ ಕಚ್ಚಾ ಕಬ್ಬಿಣ (ಪಿಗ್ ಐರನ್) ಸರ್ಕಾರ ಹಂಚುವ ಕೋಟಾದಲ್ಲಿ ಬರುತ್ತಿತ್ತು. ಎಂಬತ್ತರ ದಶಕದಲ್ಲಿ ನಮ್ಮ ಅಪ್ಪ ಒಂದು ಪಂಪ್ ಕೇಸಿಂಗ್ (ಪಂಪಿನ ಹೊರಕವಚ) ಮಾಡಬೇಕೆಂದು ಮರದ ಪ್ಯಾಟರ್ನ್, ಅಂದರೆ ಅಚ್ಚು ತೆಗೆಯುವ ಮಾದರಿ, ಕೂಡ ಮಾಡಿಸಿದ್ದರು. ಅದಕ್ಕೆಂದು ಹೆಚ್ಚಿಗೆ ಕಬ್ಬಿಣ ಕೇಳಿದರೆ, "ಹೋದ ವರ್ಷ ಎಷ್ಟು ಮಾಡೀರಿ, ಲೆಕ್ಕಾ ತೋರಸ್ರಿ" ಅಂತ ಕಚೇರಿಯವರು ಅಂದರಂತೆ. ಇನ್ನೂ ಮಾಡದೇ ಇರುವ ವಸ್ತುವಿಗೆ ಹೋದ ವರ್ಷದ ಲೆಕ್ಕ ಎಲ್ಲಿಂದ ತರೋದು? ಪ್ಯಾಟರ್ನ್ ಅಟ್ಟ ಸೇರಿತು. ಈಗಲೂ ಅಲ್ಲೇ ಇದೆ. ಕೆಂಪು ಬಣ್ಣ ಉದುರಿದೆ, ಒಂದು ಮೂಲೆ ಗೆದ್ದಲು ತಿಂದಿದೆ.

1991ರ ಜುಲೈ 24ರಂದು ಹೊಸ ಕೈಗಾರಿಕಾ ನೀತಿ ಬಂತು. 18 ಬಗೆಯ ಕೈಗಾರಿಕೆ ಬಿಟ್ಟು ಉಳಿದವಕ್ಕೆಲ್ಲ ಲೈಸೆನ್ಸ್ ಹೋಯಿತು. 1992ರಲ್ಲಿ ಕಬ್ಬಿಣ, ಉಕ್ಕಿನ ಬೆಲೆ ಮತ್ತು ಹಂಚಿಕೆಯ ಮೇಲಿದ್ದ ಹಿಡಿತವೂ ಸಡಿಲವಾಯಿತು. ಅಪ್ಪನ ಪಂಪ್ ಮಾತ್ರ ಅಷ್ಟೊತ್ತಿಗೆ ಹಳೇ ಮಾಡೆಲ್ ಆಗಿತ್ತು.

ಹೋದ ವರ್ಷ ನಾನು ಒಂದು ಹೈಡ್ರಾಲಿಕ್ ವಾಲ್ವ್ ಬಾಡಿ ಎರಕ ಹೊಯ್ಯಲು ಹೊರಟೆ. ಐದು ಸಲ ಬ್ಲೋ ಹೋಲ್, ಅಂದರೆ ಒಳಗೆ ಗಾಳಿ ಸಿಕ್ಕಿ ಆಗುವ ತೂತು, ಬಿತ್ತು. ಅಚ್ಚು ಮಾಡುವ ನಮ್ಮ ಹಿರಿಯ ಮೋಲ್ಡರ್ ಕೋರನ್ನು (ಎರಕದ ಒಳಗೆ ಟೊಳ್ಳು ಬರಲಿ ಅಂತ ಇಡುವ ಮರಳಿನ ತುಂಡು) ಕೈಯಲ್ಲಿ ತಿರುಗಿಸಿ ನೋಡಿ, "ಒಳಗಿನ ಗಾಳಿ ಹೋಗಾಕ ದಾರಿ ಇಲ್ರಿ. ವೆಂಟ್ ಬದಲ್ ಮಾಡಿ ನೋಡೂಣ್ರಿ" ಅಂದ. ಆರನೇದನ್ನು ಕೊಯ್ದು ನೋಡಿದಾಗ ಒಂದು ತೂತೂ ಇರಲಿಲ್ಲ. ಕೆಟ್ಟ ಐದನ್ನೂ ಮತ್ತೆ ಭಟ್ಟಿಗೆ ಹಾಕಿದೆವು. ಯಾಕೆ ಕೆಡಿಸಿದಿರಿ ಅಂತ ಯಾರೂ ಕೇಳಲಿಲ್ಲ, ಯಾರಿಗೂ ಅರ್ಜಿ ಬರೆಯಲಿಲ್ಲ. ನಾನು ಸ್ವಾತಂತ್ರ್ಯ ಅನ್ನೋದು ಇದಕ್ಕೆ.

ಹಾಗಂತ ಸರ್ಕಾರವೇ ಬೇಡ ಅನ್ನುವವನಲ್ಲ ನಾನು. ನನ್ನ ಭಟ್ಟಿಯ ಹೊಗೆ ಪಕ್ಕದ ಓಣಿಯ ಮಕ್ಕಳ ಎದೆಗೆ ಹೋಗದಂತೆ ತಡೆಯಲೇಬೇಕು. ಬಿಲ್ ಮುಳುಗಿಸಿದವನ ಮೇಲೆ ಕೇಸ್ ಹಾಕಿದರೆ ಬೇಗ ತೀರ್ಪು ಕೊಡಬೇಕು. ಹೊಗೆ ಇಷ್ಟೇ ಇರಲಿ ಅನ್ನೋದು ನಿಯಮ. ಏನು ಎರಕ ಹೊಯ್ಯಲಿ ಅಂತ ಕೇಳಿಕೊಂಡು ಬಾ ಅನ್ನೋದು ಅಪ್ಪಣೆ. ನಿಯಮ ಎಲ್ಲರಿಗೂ ಒಂದೇ. ಅಪ್ಪಣೆ ಹಾಗಲ್ಲ, ಓಡಾಡೋಕೆ ಆಳು ಇಟ್ಟವನಿಗೆ ಬೇಗ ಸಿಗುತ್ತೆ. ಅದಕ್ಕೇ ಈ ಸ್ವಾತಂತ್ರ್ಯ ಶ್ರೀಮಂತರಿಗಿಂತ ಬಡವರಿಗೆ ಜಾಸ್ತಿ ಬೇಕು ಅಂತೀನಿ.

ಆ ಮೋಲ್ಡರ್‌ನ ಮಗ ಈಗ ಸ್ವಂತ ಶೆಡ್ ಹಾಕಿದ್ದಾನೆ. ಸಾಲ ಮಾಡಿ ಹಳೇ ಲೇಥ್ ತಂದ. ಕಚೇರಿಯವರು ಒಂದೊಂದೇ ಕಾಗದ ಕೇಳುತ್ತಾ ಹೋಗಿ, ಕರೆಂಟ್ ಬರೋಕೆ ಐದು ತಿಂಗಳು ಹಿಡಿಯಿತು. ಅಷ್ಟೂ ದಿನ ಲೇಥ್ ಮೇಲೆ ತಾಡಪಾಲು ಹೊದಿಸಿ ಇಟ್ಟಿದ್ದ. ಕಂತು ಮಾತ್ರ ಪ್ರತಿ ತಿಂಗಳೂ ಕಟ್ಟಿದ.