ಗ್ಯಾರೇಜ್ ಮಾತು: ಮೊದಲು ಮೀಟರ್ ಓದಿ, ಆಮೇಲೆ ಕಾರು ಬದಲಿಸಿ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಪೆಟ್ರೋಲ್ ಬಿಡಬೇಕಾ, ಗ್ಯಾಸ್ ಹಾಕಿಸಬೇಕಾ, ಎಲೆಕ್ಟ್ರಿಕ್ ತಗೊಳ್ಳಬೇಕಾ? ಕೇಳಿ ಸಂತೋಷವಾಯಿತು. ಚೆಂಬೂರಿನಲ್ಲಿ ಮೂವತ್ತೆಂಟು ವರ್ಷ ಗ್ಯಾರೇಜ್ ನಡೆಸಿದವನು ನಾನು. ದೀಪಾವಳಿಗೆ ಗೋಡೆಗೆ ಸುಣ್ಣ ಹೊಡೆಸಿದರೆ ಹೋಳಿ ಬರುವಷ್ಟರಲ್ಲಿ ಅದು ಕಪ್ಪಾಗಿರುತ್ತಿತ್ತು. ಗೋಡೆಗೆ ಅಂಟಿದ್ದು ನಮ್ಮ ಎದೆಯೊಳಗೂ ಹೋಗಿದೆ. ನನ್ನ ಜೊತೆ ಕೆಲಸ ಕಲಿತ ಇಬ್ಬರು ಇವತ್ತಿಗೂ ಉಸಿರಾಟದ ಪಂಪ್ ಇಲ್ಲದೆ ಮಲಗುವುದಿಲ್ಲ. ಹಾಗಾಗಿ ಈ ಪತ್ರಗಳಿಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತ. 2014ರ ಪೆಟ್ರೋಲ್ ಕಾರು ಇದೆ, ಚೆನ್ನಾಗಿಯೇ ಓಡುತ್ತಿದೆ. ಮಗ ಪರಿಸರಕ್ಕಾಗಿ ಇದನ್ನು ಮಾರಿ ಎಲೆಕ್ಟ್ರಿಕ್ ತಗೊಳ್ಳಿ ಅಂತ ಹಟ ಹಿಡಿದಿದ್ದಾನೆ. ಏನು ಮಾಡಲಿ? – ಓದುಗರು, ಠಾಣೆ

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ. ವರ್ಷಕ್ಕೆ 4,500 ಕಿಲೋಮೀಟರ್ ಓಡಿಸುತ್ತೇನೆ ಅಂತ. ನನಗೆ ಬೇಕಾದದ್ದು ಅದೊಂದೇ. ಗ್ಯಾರೇಜಿಗೆ ಬಂದವರಿಗೂ ನಾನು ಬಾನೆಟ್ ಎತ್ತುವ ಮೊದಲು ಮೀಟರ್ ಎಷ್ಟಾಗಿದೆ ಅಂತಲೇ ಕೇಳುತ್ತಿದ್ದೆ.

ಒಂದು ಕಾಗದ ತಗೊಳ್ಳಿ, ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಕಾರು ಲೀಟರಿಗೆ 15 ಕೊಡುತ್ತದೆ ಅಂದಿದ್ದೀರಿ. ಅಂದರೆ ವರ್ಷಕ್ಕೆ 300 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಲೀಟರ್ ಪೆಟ್ರೋಲಿನ ತೂಕವೇ ಮುಕ್ಕಾಲು ಕೆಜಿ, ಅದರಿಂದ ಎರಡು ಕೆಜಿಗಿಂತ ಜಾಸ್ತಿ ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಉಳಿದ ತೂಕ ಗಾಳಿಯಿಂದ ಸೇರುವ ಆಮ್ಲಜನಕದ್ದು. ನಿಮ್ಮ ಲೆಕ್ಕ ವರ್ಷಕ್ಕೆ 690 ಕೆಜಿ ಆಯಿತು.

ಈಗ ಎಲೆಕ್ಟ್ರಿಕ್. ಸಣ್ಣ ಕಾರಿಗೆ 100 ಕಿಲೋಮೀಟರಿಗೆ ಸುಮಾರು 15 ಯೂನಿಟ್ ಕರೆಂಟ್ ಹಿಡಿಯಿರಿ, ಚಾರ್ಜ್ ಮಾಡುವಾಗ ಪೋಲಾಗುವುದೂ ಸೇರಿ. ವರ್ಷಕ್ಕೆ 675 ಯೂನಿಟ್. ನಮ್ಮ ದೇಶದ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು, ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಹೊರಬರುತ್ತದೆ. ಹತ್ತಿರ ಹತ್ತಿರ 470 ಕೆಜಿ ಆಯಿತು. ಅಂದರೆ ವರ್ಷಕ್ಕೆ ಉಳಿಯುವುದು 220 ಕೆಜಿ.

ಆದರೆ ಹೊಸ ಕಾರು ಸುಮ್ನೆ ಹುಟ್ಟುವುದಿಲ್ಲ ಅಲ್ವಾ? ಬ್ಯಾಟರಿ ತಯಾರಿಸುವಾಗ ಅದರ ಒಂದೊಂದು ಯೂನಿಟ್ ಸಾಮರ್ಥ್ಯಕ್ಕೆ 60ರಿಂದ 100 ಕೆಜಿ ಡೈ ಆಕ್ಸೈಡ್ ಹೋಗುತ್ತದೆ. 30 ಯೂನಿಟ್ಟಿನ ಬ್ಯಾಟರಿ ಅಂದರೆ ಎರಡರಿಂದ ಮೂರು ಟನ್. ಉಕ್ಕು, ಗಾಜು, ಪ್ಲಾಸ್ಟಿಕ್ ಬೇರೆ. ಬ್ಯಾಟರಿಯ ಈ ಹೊಗೆಯ ಸಾಲ ಒಂದನ್ನೇ ತೀರಿಸಲು ನಿಮಗೆ ಸುಮಾರು ಹತ್ತು ವರ್ಷ ಬೇಕು. ತೈಲ ಬಾವಿ, ರಿಫೈನರಿ, ಕಲ್ಲಿದ್ದಲ ಗಣಿಗಳ ಖರ್ಚನ್ನು ಎರಡೂ ಕಡೆ ಬಿಟ್ಟಿದ್ದೇನೆ. ಅದನ್ನೂ ಹಿಡಿದರೆ ಕೆಲವು ವರ್ಷ ಆಚೀಚೆ ಆಗಬಹುದು.

ಅದೇ ನಿಮ್ಮ ಕಟ್ಟಡದ ಕೆಳಗೆ ನಿಲ್ಲುವ ಕ್ಯಾಬಿನ ಹುಡುಗನನ್ನು ನೋಡಿ. ಅವನು ದಿನಕ್ಕೆ 100 ಕಿಲೋಮೀಟರ್, ವರ್ಷಕ್ಕೆ 30,000 ಓಡಿಸುತ್ತಾನೆ. ಅವನ ಗಾಡಿ ಎಲೆಕ್ಟ್ರಿಕ್ ಆದರೆ ಇದೇ ಲೆಕ್ಕದಲ್ಲಿ ವರ್ಷಕ್ಕೆ 1,450 ಕೆಜಿ ಉಳಿತಾಯ. ಅವನ ಬ್ಯಾಟರಿ ಸಾಲ ಎರಡು ವರ್ಷದಲ್ಲಿ ತೀರುತ್ತದೆ. ಎಲೆಕ್ಟ್ರಿಕ್ ಮೊದಲು ಹೋಗಬೇಕಾದದ್ದು ಅವನ ಕೈಗೆ, ಬಸ್ಸಿಗೆ, ಡೆಲಿವರಿ ಹುಡುಗರ ಸ್ಕೂಟರಿಗೆ. ದಿನವಿಡೀ ಓಡುವ ಗಾಡಿಗಳಿಗೆ.

ಮಗನ ಮಾತಲ್ಲೂ ನಿಜ ಇದೆ. ಎಲೆಕ್ಟ್ರಿಕ್ ಕಾರಿನ ಹಿಂದೆ ನಿಂತ ಮಗುವಿನ ಮೂಗಿಗೆ ಹೊಗೆ ಹೋಗುವುದಿಲ್ಲ. ಹೊಗೆ ಬೇರೆ ಕಡೆ ಏಳುತ್ತದೆ, ಅದನ್ನೂ ಮರೆಯಬಾರದು. ನಮ್ಮ ಟೆರೇಸಿನಿಂದ ಟ್ರಾಂಬೆಯ ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. ಅದರ ಪಕ್ಕದ ಮಾಹುಲ್ ಕಡೆಯವರು ಆ ಗಾಳಿ ಕುಡಿದೇ ಬದುಕುತ್ತಾರೆ. ಕರೆಂಟ್ ಸ್ವಚ್ಛವಾದಷ್ಟೂ ಎಲೆಕ್ಟ್ರಿಕ್ ಕಾರು ಸ್ವಚ್ಛವಾಗುತ್ತದೆ. ಮುಂಬೈಗೆ ಸ್ವಚ್ಛ ಕರೆಂಟೂ ಹೊಸತಲ್ಲ. 1915ರಲ್ಲೇ ಖೋಪೋಲಿಯ ಜಲವಿದ್ಯುತ್ ಇಲ್ಲಿಗೆ ಬಂತು. 1925ರ ಫೆಬ್ರವರಿ 3ರಂದು ದೇಶದ ಮೊದಲ ಕರೆಂಟ್ ರೈಲು ವಿ.ಟಿ.ಯಿಂದ (ಈಗಿನ ಸಿಎಸ್‌ಎಂಟಿ ನಿಲ್ದಾಣ) ಕುರ್ಲಾಕ್ಕೆ ಓಡಿತು.

ಆದ್ದರಿಂದ ಸದ್ಯಕ್ಕೆ ಇರುವ ಕಾರನ್ನೇ ಇಟ್ಟುಕೊಳ್ಳಿ. ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ. ಪ್ಲಗ್, ಏರ್ ಫಿಲ್ಟರ್ ಸಮಯಕ್ಕೆ ಬದಲಿಸಿ. 4,500ವನ್ನು 3,500ಕ್ಕೆ ಇಳಿಸಲು ಆಗುತ್ತದಾ ನೋಡಿ. ಮಾಡಲಿಕ್ಕೇ ಬೇಕು ಅನ್ನುವ ಉತ್ಸಾಹ ಮಗನಿಗಿದ್ದರೆ, ಹೊಸ ಕಾರಿನ ಹಣದಲ್ಲಿ ಒಂದು ಪಾಲನ್ನು ಸೊಸೈಟಿಯ ಟೆರೇಸಿನ ಸೋಲಾರಿಗೆ ಹಾಕಲಿ.

ಪ್ರಶ್ನೆ: ಅಣ್ಣಾ, ಸಿಎನ್‌ಜಿ ಕಿಟ್ ಹಾಕಿಸಬೇಕೆಂದಿದ್ದೇನೆ. ಹೊಗೆಯೇ ಇಲ್ಲ, ಅದು ಶುದ್ಧ ಇಂಧನ ಅನ್ನುತ್ತಾರೆ. ಹೌದಾ? – ಓದುಗರು, ಪಿಂಪ್ರಿ

ಮುಂಬೈಗೆ ಸಿಎನ್‌ಜಿ ಬಂದಾಗ ನಾನು ಗ್ಯಾರೇಜಿನಲ್ಲೇ ಇದ್ದೆ. ಆಗ ಟ್ಯಾಕ್ಸಿ ಅಂದರೆ ಪ್ರೀಮಿಯರ್ ಪದ್ಮಿನಿ, ನಮ್ಮ ಕುರ್ಲಾದಲ್ಲೇ ತಯಾರಾಗುತ್ತಿದ್ದ ಗಾಡಿ. ಎಷ್ಟೋ ಟ್ಯಾಕ್ಸಿಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಕೆಲವರು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದರು. ಸೈಲೆನ್ಸರಿಗೆ ಬಿಳಿ ಬಟ್ಟೆ ಹಿಡಿದರೆ ಅರ್ಧ ನಿಮಿಷದಲ್ಲಿ ಎಣ್ಣೆಮಸಿ. ಹೊಗೆಯ ಬಗ್ಗೆ ನಾಗರಿಕರು ಬಾಂಬೆ ಹೈಕೋರ್ಟಿಗೆ ಹೋದರು. 1999ರಲ್ಲಿ ಕೋರ್ಟ್ ವಾಹನಗಳ ಹೊಗೆ ತಗ್ಗಿಸುವ ದಾರಿ ಹೇಳಲು ಲಾಲ್ ಸಮಿತಿ ಮಾಡಿತು, ಆಮೇಲೆ ಹಳೆಯ ಟ್ಯಾಕ್ಸಿಗಳು ಗ್ಯಾಸಿಗೆ ಬದಲಾಗಬೇಕು ಎಂಬ ಆದೇಶ ಬಂತು. ಟ್ಯಾಕ್ಸಿಯವರು ಬೈದರು, ಗ್ಯಾಸ್ ಪಂಪಿನಲ್ಲಿ ಗಂಟೆಗಟ್ಟಲೆ ಸಾಲು ನಿಂತರು. ಆದರೆ ಒಂದೆರಡು ವರ್ಷದಲ್ಲಿ ನನ್ನ ಗೋಡೆ ಕಪ್ಪಾಗುವುದು ನಿಧಾನವಾಯಿತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟ ದಿನ ನನಗೆ ಆ ಸಾಲುಗಳೇ ನೆನಪಾದವು.

ಅಂದರೆ ಮಸಿಯ ಮಟ್ಟಿಗೆ ನೀವು ಕೇಳಿದ್ದು ನಿಜ. ಭೂಮಿ ಬಿಸಿಯಾಗುವ ವಿಷಯದಲ್ಲಿ ಲಾಭ ಸಣ್ಣದು. ಒಂದು ಕೆಜಿ ಸಿಎನ್‌ಜಿ ಉರಿದರೆ ಸುಮಾರು 2.75 ಕೆಜಿ ಡೈ ಆಕ್ಸೈಡ್. ಕೆಜಿಗೆ 22 ಕಿಲೋಮೀಟರ್ ಬಂದರೆ ಒಂದು ಕಿಲೋಮೀಟರಿಗೆ 125 ಗ್ರಾಂ. ಅದೇ ಕಾರು ಪೆಟ್ರೋಲಿನಲ್ಲಿ ಲೀಟರಿಗೆ 16 ಕೊಟ್ಟರೆ 144 ಗ್ರಾಂ. ಇನ್ನೊಂದು ಮಾತು. ಸಿಎನ್‌ಜಿ ಅಂದರೆ ಮೀಥೇನ್. ಉರಿಯದೆ ಸೋರಿದ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿದಿಡುತ್ತದೆ. ಒಂಬತ್ತು ಕೆಜಿಯ ಒಂದು ಸಿಲಿಂಡರ್ ಸೋರಿ ಖಾಲಿಯಾದರೆ, ಅದು ನೀವು 2,000 ಕಿಲೋಮೀಟರ್ ಓಡಿಸಿದ್ದಕ್ಕೆ ಸಮ.

ಅದಕ್ಕೇ ಫಿಟಿಂಗ್ ಬಗ್ಗೆ ನಾನು ಇಷ್ಟು ಹಟ ಮಾಡುವುದು. ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರುತ್ತದೆ. ನಿಮ್ಮ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಒಮ್ಮೆ ಒಬ್ಬರು ಡಿಕ್ಕಿಯಲ್ಲಿ ವಾಸನೆ ಅಂತ ಗಾಡಿ ತಂದರು. ಎಲ್ಲೋ ಅಗ್ಗಕ್ಕೆ ಕಿಟ್ ಹಾಕಿಸಿದ್ದರು. ಪೈಪ್ ಬಾಡಿಗೆ ತಾಗಿ ಸವೆದು ನೂಲಿನಷ್ಟು ಉಳಿದಿತ್ತು, ಸಿಲಿಂಡರಿಗೆ ಪರೀಕ್ಷೆಯ ಪ್ಲೇಟೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅವರ ಇಬ್ಬರು ಮಕ್ಕಳು ಕೂತಿದ್ದರು. ನಾನು ಆ ಗಾಡಿಯನ್ನು ಹಾಗೇ ವಾಪಸ್ ಕಳಿಸಲಿಲ್ಲ, ಅವರನ್ನು ರಿಕ್ಷಾದಲ್ಲಿ ಮನೆಗೆ ಕಳಿಸಿದೆ. ಆರ್‌ಟಿಒ ಒಪ್ಪಿದ ಕಿಟ್ ಮಾತ್ರ ಹಾಕಿಸಿ, ಆರ್‌ಸಿಯಲ್ಲಿ ಬರೆಸಿ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ತಪ್ಪಿಸಬೇಡಿ. ಗ್ಯಾಸ್ ತುಂಬಿಸುವಾಗ ಎಲ್ಲರೂ ಇಳಿದು ದೂರ ನಿಲ್ಲಿ, ಮಳೆ ಇದ್ದರೂ.

ಪ್ರಶ್ನೆ: ಪೆಟ್ರೋಲಿಗೆ ಎಥನಾಲ್ ಬೆರೆಸಿದ ಮೇಲೆ ನನ್ನ ಹಳೆಯ ಸ್ಕೂಟರಿನ ಮೈಲೇಜ್ ಇಳಿದಿದೆ. ಇದು ನನ್ನ ಭ್ರಮೆಯಾ? – ಓದುಗರು, ವಾಸ್ಕೋ

ಭ್ರಮೆ ಅಲ್ಲ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್ ಆದರೆ ಒಟ್ಟು ಶಕ್ತಿ ಆರೇಳು ಪಾಲು ಇಳಿಯುತ್ತದೆ. ಎಂಜಿನ್ ಪ್ರಕಾರ ಮೈಲೇಜ್ ಅದಕ್ಕಿಂತ ಕಡಿಮೆಯೂ ಇಳಿಯಬಹುದು. ಅದಕ್ಕಿಂತ ನಿಮ್ಮ ಊರಿನ ಮಳೆಗಾಲ ನೋಡಿ ನನಗೆ ಚಿಂತೆ. ಎಥನಾಲ್ ನೀರು ಹೀರುತ್ತದೆ. ಜೂನಿನಲ್ಲಿ ನಿಲ್ಲಿಸಿ ಸೆಪ್ಟೆಂಬರಿನಲ್ಲಿ ತೆಗೆಯುವ ಸ್ಕೂಟರ್ ಆದರೆ ಕಾರ್ಬುರೇಟರ್ ಖಾಲಿ ಮಾಡಿ ನಿಲ್ಲಿಸಿ. ರಬ್ಬರ್ ಪೈಪ್, ವಾಷರ್ ಒಮ್ಮೆ ಬದಲಿಸಿ.

ಎಥನಾಲ್ ಹಸಿರು ಇಂಧನವಾ ಅಂತಲೂ ಕೇಳಿದ್ದೀರಿ. ಯಾವ ಬೆಳೆಯಿಂದ ಬಂತು ಅನ್ನುವುದರ ಮೇಲೆ ಹೋಗುತ್ತದೆ. ಕಬ್ಬಿನಿಂದ ತೆಗೆದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. ನಾನು ಸೊಲ್ಲಾಪುರದ ಕಡೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಹೆಂಗಸರನ್ನು ನೋಡಿದ್ದೇನೆ, ರಸ್ತೆಯ ಇನ್ನೊಂದು ಬದಿಯಲ್ಲಿ ಕಬ್ಬು ಹಸಿರಾಗಿ ನಿಂತಿತ್ತು. ಆ ನೀರು ನನ್ನ ಟ್ಯಾಂಕಿಗೆ ಬರುವುದು ನನಗೆ ಬೇಡ. ಉಳಿಕೆ ಹುಲ್ಲು, ಕಾಂಡಗಳಿಂದ ತೆಗೆಯುವ ಎಥನಾಲ್ ಹೆಚ್ಚಾಗಲಿ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಪ್ರಶ್ನೆ: ಬಿಎಸ್6 ಡೀಸೆಲ್ ಕಾರು. ಪದೇ ಪದೇ ಹಳದಿ ದೀಪ ಬರುತ್ತದೆ, ಡಿಪಿಎಫ್ ಅನ್ನುತ್ತಾರೆ. ಅದನ್ನು ಕಿತ್ತು ಹಾಕಿಸಲಾ? – ಓದುಗರು, ನೆರೂಳ್

ಖಂಡಿತ ಬೇಡ. ಅದು ಮಸಿ ಹಿಡಿಯುವ ಜರಡಿ. ಕಿತ್ತರೆ ಆ ಮಸಿಯೆಲ್ಲ ನಿಮ್ಮ ಹಿಂದಿನ ಬೈಕಿನವನ ಶ್ವಾಸಕೋಶಕ್ಕೆ. ನೀವು ದಿನಕ್ಕೆ ಆರು ಕಿಲೋಮೀಟರ್ ಓಡಿಸುವುದರಿಂದ ಜರಡಿ ಬಿಸಿಯಾಗಿ ಮಸಿ ಸುಡುವಷ್ಟು ಹೊತ್ತು ಸಿಗುತ್ತಿಲ್ಲ. ದೀಪ ಬಂದಾಗ ಪನ್ವೇಲ್ ಕಡೆ ಇಪ್ಪತ್ತು ನಿಮಿಷ ಅರವತ್ತರ ಮೇಲೆ ಓಡಿಸಿ, ಹೋಗುತ್ತದೆ. ಮುಂದಿನ ಸಲ ಡೀಸೆಲ್ ತಗೊಳ್ಳಬೇಡಿ.

ಪ್ರಶ್ನೆ: ಮೇ ತಿಂಗಳಲ್ಲಿ ಊರಿಗೆ, ಉಡುಪಿಗೆ, ಕಾರಿನಲ್ಲಿ ಹೋಗುತ್ತೇವೆ. ರೈಲು ಟಿಕೆಟ್ ಸಿಗುವುದಿಲ್ಲ. ತಪ್ಪು ಮಾಡುತ್ತಿದ್ದೇವಾ ಅನ್ನಿಸುತ್ತದೆ. – ಗೃಹಿಣಿ, ಡೊಂಬಿವಲಿ

ಅಕ್ಕಾ, ಬೇಸರ ಮಾಡಿಕೊಳ್ಳಬೇಡಿ. ಹೆಚ್ಚುಕಡಿಮೆ 900 ಕಿಲೋಮೀಟರ್ ದಾರಿ. ಡೀಸೆಲ್ ಕಾರು ಲೀಟರಿಗೆ 18 ಕೊಟ್ಟರೆ 50 ಲೀಟರ್, ಒಂದು ಕಡೆಗೆ 134 ಕೆಜಿ ಡೈ ಆಕ್ಸೈಡ್. ನೀವು ಐದು ಜನ, ತಲೆಗೆ 27 ಕೆಜಿ. ಒಬ್ಬರೇ ಕೂತು ಹೋಗುವವರ ಐದನೇ ಒಂದು ಪಾಲು. ಘಾಟಿಯಲ್ಲಿ ಎಸಿ, ಓವರ್‌ಟೇಕ್ ಎರಡೂ ಕಡಿಮೆ ಮಾಡಿ, ಎಂಬತ್ತು ದಾಟಬೇಡಿ. ವೇಗ ಹೆಚ್ಚಿದಂತೆ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತದೆ (ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು), ಡೀಸೆಲ್ ಅಲ್ಲೇ ಹೋಗುವುದು.

ಟಿಕೆಟ್ ಸಿಕ್ಕಿದರೆ ಮಾತ್ರ ರೈಲೇ. ನಾನು ಮುಂಬೈಗೆ ಬಂದಾಗ ಉಡುಪಿಗೆ ರೈಲೇ ಇರಲಿಲ್ಲ ಮಾರಾಯ್ರೆ, ಬಸ್ಸಿನಲ್ಲಿ ಕೂತು ಕೂತು ಕಾಲು ಊದುತ್ತಿತ್ತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದಾಗ ನನ್ನ ತಾಯಿ ಕಿಟಕಿಯ ಹತ್ತಿರ ಕೂತು ಅತ್ತಿದ್ದರು. 2022ರಿಂದ ಆ ದಾರಿ ಇಡೀ ಕರೆಂಟಿನದ್ದಾಗಿದೆ. ಮುಂದಿನ ವರ್ಷ ಬುಕಿಂಗ್ ತೆರೆದ ಬೆಳಿಗ್ಗೆಯೇ ಮತ್ಸ್ಯಗಂಧಾ ರೈಲಿಗೆ ಪ್ರಯತ್ನಿಸಿ, ಊರಿನಲ್ಲಿ ನಾಲ್ಕು ದಿನಕ್ಕೆ ಬಾಡಿಗೆ ಗಾಡಿ ಹಿಡಿದರೆ ಸಾಕು.

ಪ್ರಶ್ನೆ: ಗ್ಯಾರೇಜ್ ಮಾಮಾ, ನಾನು ಎಂಟನೇ ಕ್ಲಾಸು. ಶಾಲೆ ಮನೆಯಿಂದ ಎರಡು ಕಿಲೋಮೀಟರ್. ಅಪ್ಪ ಕಾರಿನಲ್ಲಿ ಬಿಡುತ್ತಾರೆ. ಇಷ್ಟು ಹತ್ತಿರ ಆದ್ದರಿಂದ ಹೊಗೆ ಸ್ವಲ್ಪವೇ ಅಲ್ವಾ? – ವಿದ್ಯಾರ್ಥಿನಿ, ಮಾಟುಂಗಾ

ಈ ಸಲದ ಎಲ್ಲ ಪತ್ರಗಳಲ್ಲಿ ನಿನ್ನದೇ ನನಗೆ ಇಷ್ಟವಾಯಿತು ಪುಟ್ಟಿ.

ಸೈಲೆನ್ಸರಿನ ದಾರಿಯಲ್ಲಿ ಒಂದು ಡಬ್ಬಿ ಇರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಹೆಸರು. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬಹಳ ಬೆಲೆಯ ಲೋಹಗಳ ತೆಳು ಲೇಪ. ವಿಷದ ಹೊಗೆ ಅದರ ಮೂಲಕ ಹೋಗುವಾಗ ಹೆಚ್ಚುಕಡಿಮೆ ನಿರುಪದ್ರವಿ ಆಗುತ್ತದೆ. ಆದರೆ ಆ ಡಬ್ಬಿ 250–300 ಡಿಗ್ರಿ ಬಿಸಿಯಾಗುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುತ್ತದೆ. ತಣ್ಣಗಿರುವ ಎಂಜಿನ್ ಪೆಟ್ರೋಲನ್ನೂ ಜಾಸ್ತಿ ಕೇಳುತ್ತದೆ. ಅಪ್ಪ ನಿನ್ನನ್ನು ಬಿಡುವ ದಾರಿಯ ಶುರುವಿನಲ್ಲಿ ಆ ಹೊಗೆ ತೊಳೆಯದೇ ಹೊರಗೆ ಬರುತ್ತದೆ. ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಇಂಥ ಸಣ್ಣ ಓಡಾಟದ ಹೊಗೆಯೇ ಎಲ್ಲಕ್ಕಿಂತ ಕೊಳಕು. ಅದು ಬರುವ ಜಾಗ ಯಾವುದು? ನಿಮ್ಮ ಮನೆಯ ಗಲ್ಲಿ, ಶಾಲೆಯ ಬೀದಿ.

ಸಂಜೆ ಗೇಟಿನ ಮುಂದೆ ಎಸಿಗಾಗಿ ಎಂಜಿನ್ ಚಾಲೂ ಇಟ್ಟು ಕಾಯುವ ಕಾರುಗಳೂ ಇರುತ್ತವೆ. ನಿಂತಲ್ಲೇ ಉರಿಯುವ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ.

ಎರಡು ಕಿಲೋಮೀಟರ್ ಅಂದರೆ ನಿನ್ನ ಕಾಲಿಗೆ ಇಪ್ಪತ್ತೈದು ನಿಮಿಷ. ಅಪ್ಪನ ಕೈ ಹಿಡಿದು ವಾರದಲ್ಲಿ ಎರಡು ದಿನ ನಡೆದು ಶುರು ಮಾಡು. ಮಾಟುಂಗಾದ ಹಾಗೆ ಮರಗಳಿರುವ ಬೀದಿ ಈ ಊರಿನಲ್ಲಿ ಎಲ್ಲರಿಗೂ ಸಿಗುವುದಿಲ್ಲ. ಇನ್ನೊಂದು ಕೆಲಸ ಕೊಡುತ್ತೇನೆ. ಸೋಮವಾರದಿಂದ ಶುಕ್ರವಾರದವರೆಗೆ ಶಾಲೆ ಬಿಡುವ ಹೊತ್ತಿಗೆ, ಗೇಟಿನಿಂದ ಸ್ವಲ್ಪ ದೂರ ನಿಂತು, ಎಂಜಿನ್ ಚಾಲೂ ಇಟ್ಟುಕೊಂಡು ಕಾಯುವ ಕಾರು ಎಷ್ಟು, ಎಷ್ಟು ನಿಮಿಷ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೋ. ಗಾಡಿಯ ನಂಬರ್ ಬೇಡ, ಲೆಕ್ಕ ಮಾತ್ರ. ಐದು ದಿನದ್ದನ್ನೂ ನನಗೆ ಕಳಿಸು. ಎಷ್ಟು ಲೀಟರ್ ಆಯಿತು ಅಂತ ನಾವಿಬ್ಬರೂ ಸೇರಿ ಮುಂದಿನ ತಿಂಗಳು ಇದೇ ಪುಟದಲ್ಲಿ ಕೂಡಿಸೋಣ.