ಟಿಪ್ಪು ಕಾಲದ ಸಾಮಾನ್ಯ ಸಿಪಾಯಿಯ ಬಗ್ಗೆ ನಾಟಕ ಮಾಡಿಸುತ್ತಿದ್ದೇವೆ. ಎಂಥ ಕತ್ತಿ, ಎಂಥ ಕವಚ ಮಾಡಿಸಬೇಕು? ಹುಡುಗರಿಗೆ ಎಷ್ಟು ತಿಂಗಳು ಗರಡಿ ಸಾಮು ಕಲಿಸಬೇಕು?

ಕವಚ ಬೇಡವೇ ಬೇಡ. ಕತ್ತಿಯೂ ಮುಕ್ಕಾಲು ಪಾಲು ಜನಕ್ಕೆ ಬೇಡ. ಗರಡಿ ಉಸ್ತಾದರಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ಸ್ವಲ್ಪ ಕೈ ಬಿಗಿ ಹಿಡಿಯಿರಿ.

ನಿಮ್ಮ ಪ್ರಶ್ನೆ ಓದಿ ನಗು ಬಂತು, ಹೊಟ್ಟೆಯೂ ಸ್ವಲ್ಪ ಉರಿಯಿತು. ಇದೇ ಹುಚ್ಚು ಹತ್ತಿಸಿಕೊಂಡು ನಾನೂ ಓಡಾಡಿದವನು. ನಮ್ಮದು ಪಾಂಡವಪುರದ ಕಡೆಯ ಹಳ್ಳಿ. ನಮ್ಮಲ್ಲಿ ನಾಟಕ ಅಂದರೆ ಕುರುಕ್ಷೇತ್ರ. ದುರ್ಯೋಧನನ ಪಾರ್ಟಿಗೆ ಇಷ್ಟು, ಶಕುನಿ ಪಾರ್ಟಿಗೆ ಇಷ್ಟು ಅಂತ ದುಡ್ಡು ಕಟ್ಟಿ ವೇಷ ಹಾಕುವ ಜನ. ಅವರ ಮಧ್ಯೆ ನಾನು, ಮೇಲುಕೋಟೆ ಬೆಟ್ಟದ ಕೆಳಗಿನ ಒಕ್ಕಲು ಮನೆಯ ಹುಡುಗನೊಬ್ಬ ಟಿಪ್ಪುವಿನ ದಂಡು ಸೇರುವ ಕಥೆ ಆಡಿಸುತ್ತೇನೆ ಅಂತ ಹೊರಟೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ನನಗೆ ಬೇಕಿರಲಿಲ್ಲ, ಈಗಲೂ ಬೇಡ. ಆ ಹುಡುಗ ಬೆಳಗ್ಗೆ ಎದ್ದು ಏನು ಮಾಡುತ್ತಿದ್ದ ಅನ್ನುವುದಷ್ಟೇ ನನ್ನ ಕುತೂಹಲ.

ಹಾಗಂತ ಹೇಳಿಕೊಂಡು ತಿರುಗಿದೆ, ಮಾಡಿದ್ದು ಬೇರೆ. ಮೊದಲು ಹೋದದ್ದೇ ಮಂಡ್ಯದ ಒಂದು ಲೇತ್ ಅಂಗಡಿಗೆ. ಕಬ್ಬಿಣದ ಪಟ್ಟಿ ಬಗ್ಗಿಸಿ ಕತ್ತಿ ಮಾಡಿಸಿದೆ, ತಗಡಿನ ಗುರಾಣಿ ಮಾಡಿಸಿದೆ. ಎದೆಕವಚ, ತೋಳ್ಬಂದಿಗಳನ್ನು ಡ್ರಾಮಾ ಸೀನರಿಯವರ ಹತ್ತಿರ ಬಾಡಿಗೆಗೆ ಹಿಡಿದೆ. ಗರಡಿಯವರೊಬ್ಬರನ್ನು ಕರೆಸಿ ದಂಡ, ಬಸ್ಕಿ, ಕತ್ತಿವರಸೆ ಶುರು ಮಾಡಿಸಿದೆ. ಹುಡುಗರೂ ಮೈ ಮುರಿದು ಕಲಿತರು. ಅಷ್ಟು ಚೆನ್ನಾಗಿ ಕಲಿತವರನ್ನು ಸುಮ್ಮನೆ ನಿಲ್ಲಿಸೋಕಾಗುತ್ತದಾ? ಕಥಾನಾಯಕ ಒಬ್ಬನೇ ನಾಲ್ಕು ಜನ ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿಗಳನ್ನು ಕಡಿಯುವ ದೃಶ್ಯ ಬರೆದೆ. ಆ ದೃಶ್ಯಕ್ಕೆ ಕಾರಣ ಬೇಕಲ್ಲ, ಅದಕ್ಕೊಂದು ಅಂಕ ಬರೆದೆ. ಆ ಅಂಕಕ್ಕೆ ಒಬ್ಬ ವೈರಿ, ವೈರಿಗೊಂದು ಸೇಡು, ಸೇಡಿಗೊಂದು ಹಾಡು. ಗಮನಿಸಿ, ಇಲ್ಲಿಯವರೆಗೆ ಆ ಹುಡುಗ ಯಾವ ತುಕಡಿಯವನು, ಕಾಲಾಳೋ ಕುದುರೆಯವನೋ, ಸಂಬಳ ಯಾರು ಕೊಡುತ್ತಿದ್ದರು ಅನ್ನುವುದು ನನಗೇ ಗೊತ್ತಿರಲಿಲ್ಲ. ಕತ್ತಿ ಬಂದಾಗಿತ್ತು, ಅದಕ್ಕೆ ತಕ್ಕ ಮನುಷ್ಯನನ್ನು ಹುಡುಕುತ್ತಿದ್ದೆ.

ಇನ್ನೂ ಕೆಟ್ಟದ್ದು ಮುಂದಿದೆ. ಶೋಗೆ ಕೆಲವು ವಾರ ಇದ್ದಾಗ ಗೋಡೆಯ ಬಣ್ಣ ನೋಡಿ ಪರದೆ ಬರೆಸೋಣ ಅಂತ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋದೆ. ಪಶ್ಚಿಮದ ಗೋಡೆಯಲ್ಲಿ ಪೊಲ್ಲಿಲೂರು ಯುದ್ಧದ ಚಿತ್ರ ಇದೆ, 1780ರ ಸೆಪ್ಟೆಂಬರ್ 10ರದ್ದು. ಆನೆ ಮೇಲೆ ಹೈದರ್, ಟಿಪ್ಪು, ಚೌಕಾಕಾರವಾಗಿ ನಿಂತ ಈಸ್ಟ್ ಇಂಡಿಯಾ ಕಂಪನಿಯ ಪಡೆ, ಅದರ ನಡುವೆ ಪಲ್ಲಕ್ಕಿಯಲ್ಲಿ ಅದರ ದಳಪತಿ ಕರ್ನಲ್ ಬೇಲಿ, ಪಕ್ಕದಲ್ಲಿ ಸಿಡಿಯುತ್ತಿರುವ ಮದ್ದಿನ ಬಂಡಿ. ಶಾಲೆಯಲ್ಲಿದ್ದಾಗ ಪ್ರವಾಸ ಹೋದವರೆಲ್ಲ ಆನೆ ನೋಡಿ ಬಂದಿರುತ್ತೇವೆ. ಅವತ್ತು ನಾನು ಕೆಳಗಿನ ಸಾಲು ನೋಡಿದೆ. ಸಾಲಿಗೆ ಸಾಲು ಕಾಲಾಳು, ಹೆಗಲ ಮೇಲೆ ಬಂದೂಕು. ಕತ್ತಿ ಝಳಪಿಸುತ್ತಿರುವವರೆಲ್ಲ ಕುದುರೆ ಮೇಲಿದ್ದಾರೆ. ನನ್ನ ನಾಯಕ ಕಾಲಾಳು.

ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕತ್ತಿಗೆ ಹೆಂಡತಿಯ ಬಳೆ ಅಡವಿಟ್ಟ ದುಡ್ಡು ಹೋಗಿತ್ತು, ಹುಡುಗರಿಗೆ ಏನು ಹೇಳಲಿ ಅನ್ನುವ ಅಂಜಿಕೆ ಬೇರೆ. ‘ಜನಕ್ಕೇನು ಗೊತ್ತಾಗುತ್ತೆ’ ಅಂದುಕೊಂಡೆ. ಮೈಸೂರಿನ ಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಮನೆಗೆ ಕಳಿಸಿದರು. ತೀರ್ಪುಗಾರರೊಬ್ಬರು ‘ಇದು ಕುರುಕ್ಷೇತ್ರಾನೇ, ಪೇಟ ಮಾತ್ರ ಬೇರೆ’ ಅಂದರು. ಸಿಟ್ಟು ಬಂತು, ಆದರೆ ಎದೆಕವಚದ ಹಿಂದೆ ಸೀನರಿಯವರು ‘ಕರ್ಣ’ ಅಂತ ಬಣ್ಣದಲ್ಲಿ ಬರೆದದ್ದು ಹಾಗೇ ಇತ್ತು, ಏನಂತ ವಾದ ಮಾಡಲಿ. ತಂಡ ಆಮೇಲೆ ಸೇರಲಿಲ್ಲ.

ಈಗ ನಿಮ್ಮ ಸಿಪಾಯಿಗೆ ಬರೋಣ. ಟಿಪ್ಪುವಿನ ಕಟ್ಟುನಿಟ್ಟಿನ ಕಾಲಾಳು ಪಡೆಯ ಆಯುಧ ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ ಬಂದೂಕು, ತುದಿಗೆ ಸನೀನು, ಅಂದರೆ ಸಿಕ್ಕಿಸುವ ಚೂರಿ. ಅದನ್ನು ತುಂಬಿಸುವುದೇ ಒಂದು ಅಧ್ಯಾಯ. ಮದ್ದು, ಗುಂಡು ಸುತ್ತಿಟ್ಟ ಕಾಗದದ ತೋಟಾವನ್ನು ಹಲ್ಲಿನಲ್ಲಿ ಕಚ್ಚಿ ಹರಿಯಬೇಕು. ಚಿಟಿಕೆ ಮದ್ದನ್ನು ಬಂದೂಕಿನ ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚಬೇಕು. ಉಳಿದ ಮದ್ದು ನಳಿಗೆಯ ಬಾಯಿಗೆ, ಅದರ ಹಿಂದೆಯೇ ಸೀಸದ ಗುಂಡು ಮತ್ತು ಕಾಗದ. ಕಬ್ಬಿಣದ ಸಲಾಕೆ ಎಳೆದು ಗಿಡಿಯಬೇಕು, ಸಲಾಕೆಯನ್ನು ಮರೆಯದೆ ಅದರ ಜಾಗಕ್ಕೆ ಸೇರಿಸಬೇಕು, ಬಂದೂಕಿನ ಕುದುರೆ, ಅಂದರೆ ಚಕಮಕಿ ಕಲ್ಲು ಕಚ್ಚಿದ ಕೊಕ್ಕೆ, ಎಳೆಯಬೇಕು, ಆಮೇಲೆ ಹೊಡೆಯಬೇಕು. ನಿಮಿಷಕ್ಕೆ ಮೂರು ಸಲ ಇಷ್ಟನ್ನೂ ಮಾಡಿದವನು ಪಳಗಿದವನು. ಮದ್ದಿನಲ್ಲಿ ಪೆಟ್ಲುಪ್ಪು ಇರುವುದರಿಂದ ತೋಟಾ ಕಚ್ಚಿ ಕಚ್ಚಿ ಬಾಯಿ ಒಣಗಿ, ತುಟಿಯೆಲ್ಲ ಕಪ್ಪಾಗುತ್ತಿತ್ತು. ಮಳೆ ಬಂದರೆ ಮದ್ದು ಹತ್ತುತ್ತಿರಲಿಲ್ಲ. ನೂರು ಗಜ ದಾಟಿದರೆ ಗುಂಡು ಎಲ್ಲಿ ಹೋಗುತ್ತದೋ ದೇವರೇ ಬಲ್ಲ. ಅದಕ್ಕೇ ಸಾಲಾಗಿ ನಿಲ್ಲಿಸಿ ಒಟ್ಟಿಗೆ ಹೊಡೆಸುತ್ತಿದ್ದದ್ದು.

ಹಾಗಾಗಿ ತರಬೇತಿ ಅಂದರೆ ಸಾಲು. ಪಕ್ಕದವನು ಬಿದ್ದಾಗ ಓಡದೆ ಆ ಜಾಗಕ್ಕೆ ಸರಿದು ನಿಲ್ಲುವುದು, ಹೊಗೆಯಲ್ಲಿ ಏನೂ ಕಾಣದಿದ್ದರೂ ಕೈ ತನ್ನಷ್ಟಕ್ಕೆ ಸಲಾಕೆ ಹುಡುಕುವುದು. ಗರಡಿಯಲ್ಲಿ ಇದನ್ನು ಕಲಿಸುವುದಿಲ್ಲ. ಗರಡಿಯ ಮೇಲೆ ನನಗೆ ಗೌರವ ಇದೆ. ದಸರಾದಲ್ಲಿ ಅರಮನೆಯಲ್ಲಿ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದರೆ ಮುಗಿಯಿತು, ಆ ಒಂದು ಹೊಡೆತಕ್ಕೆ ತಲೆಮಾರುಗಳ ಅಭ್ಯಾಸ ಇರುತ್ತದೆ. ಆದರೆ ಅದು ಒಬ್ಬ ಇನ್ನೊಬ್ಬನ ಎದುರು ನಿಲ್ಲುವ ವಿದ್ಯೆ, ದಂಡಿನದಲ್ಲ. ಹೈದರನ ಕಾಲದಿಂದಲೇ ಕವಾಯತಿಗೆ ಫ್ರೆಂಚರನ್ನು ಇಟ್ಟುಕೊಂಡಿದ್ದರು. ನಮ್ಮ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಂತ ಹೆಸರು ಬಿದ್ದಿದ್ದೇ ಅವರು ಇಲ್ಲಿ ಬೀಡು ಬಿಟ್ಟಿದ್ದಕ್ಕೆ. ಟಿಪ್ಪು ತನ್ನ ಪಡೆಗೆ ‘ಫತ್‌ಹುಲ್ ಮುಜಾಹಿದೀನ್’ ಅನ್ನುವ ಕವಾಯತು ಕೈಪಿಡಿಯನ್ನೇ ಬರೆಸಿದ, ಹುಕುಂಗಳೆಲ್ಲ ಪಾರಸಿಯಲ್ಲಿ, ಅಂದರೆ ಪರ್ಷಿಯನ್ ಭಾಷೆಯಲ್ಲಿ. ಮೇಲುಕೋಟೆ ಕೆಳಗಿನ ಹುಡುಗ ಬೆಳಗಾಗೆದ್ದು ಪಾರಸಿ ಹುಕುಂಗೆ ಬಲಕ್ಕೆ ತಿರುಗುತ್ತಿದ್ದ ಅಂದರೆ ನಿಮಗೆ ಒಂದು ದೃಶ್ಯ ಪುಕ್ಕಟೆ ಸಿಕ್ಕಿತು. ನಗುವೂ ಇದೆ, ನೋವೂ ಇದೆ. ನನ್ನ ಸೇಡಿನ ಹಾಡಿಗಿಂತ ಎಷ್ಟೋ ವಾಸಿ.

ರಾಕೆಟ್ ಬಗ್ಗೆ ಕೇಳಿಯೇ ಕೇಳುತ್ತೀರಿ. ಕಬ್ಬಿಣದ ಕೊಳವೆಯಲ್ಲಿ ಮದ್ದು ಗಿಡಿದು ಉದ್ದದ ಬಿದಿರಿಗೆ ಕಟ್ಟುತ್ತಿದ್ದರು. ಬೇರೆ ಕಡೆಯ ಕಾಗದದ ಕೊಳವೆಗಿಂತ ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತಿದ್ದರಿಂದ ಅದು ದೂರ ಹೋಗುತ್ತಿತ್ತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿನಲ್ಲಿ ಇದರ ಹೊಡೆತಕ್ಕೆ ಸಿಕ್ಕಿ, ಕತ್ತಲಲ್ಲಿ ದಿಕ್ಕುತಪ್ಪಿ ಹಿಂದೆ ಸರಿದವನು ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಗೆದ್ದ ವೆಲ್ಲೆಸ್ಲಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು, ಓದಿರುತ್ತೀರಿ. ಆದರೆ ಸ್ಟೇಜಿನ ಮೇಲೆ ದಯವಿಟ್ಟು ಬೇಡ. ಪಟಾಕಿ ಹಚ್ಚಿ ಶಾಮಿಯಾನ ಸುಟ್ಟುಕೊಳ್ಳಬೇಡಿ.

ಇನ್ನು ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ ಅನ್ನುವ ಜಾಗಕ್ಕೆ ಬಂದೆ. ಸಿಪಾಯಿಯ ಬದುಕು ಅಂದ ಕೂಡಲೇ ನೀವು ಆಯುಧ ಕೇಳಿದಿರಿ. ಆಯುಧ ಹಿಡಿದ ಹೊತ್ತು ಅವನ ಬದುಕಿನಲ್ಲಿ ಎಷ್ಟು? ಉಳಿದದ್ದೆಲ್ಲ ನಡಿಗೆ, ಹಸಿವು, ಬಾಕಿ ಸಂಬಳ. 1791ರ ಮೇ 15ರಂದು ಅರಕೆರೆ ಹತ್ತಿರ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ಗೆದ್ದ. ಗೆದ್ದವನು ಶ್ರೀರಂಗಪಟ್ಟಣದ ಕೋಟೆ ಹಿಡಿಯಬೇಕಲ್ಲ? ಹಿಡಿಯಲಿಲ್ಲ. ದಾರಿಯುದ್ದಕ್ಕೂ ಹುಲ್ಲು, ಕಾಳು ಏನೂ ಸಿಗದಂತೆ ಟಿಪ್ಪು ಮೊದಲೇ ಸುಡಿಸಿದ್ದ. ಮಳೆ ಹಿಡಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು. ಕನ್ನಂಬಾಡಿವರೆಗೆ ಎಳೆದು ತಂದ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಒಡೆಸಿ ಹಾಕಿ ಬೆಂಗಳೂರಿನ ಕಡೆ ತಿರುಗಿದ. ಮೇಲುಕೋಟೆ ಹತ್ತಿರ ಕಂಪನಿಯ ಮಿತ್ರರಾದ ಮರಾಠರ ದಂಡು ಸಿಕ್ಕಾಗ ಅವರ ಬಜಾರಿನಲ್ಲಿ ಹೇಳಿದ ಬೆಲೆಗೆ ಕಾಳು ಕೊಂಡು ತಿಂದರು. ನಾವು ಇವತ್ತು ಕೆಆರ್‌ಎಸ್ ನೋಡಲು ಹೋಗುವ ದಾರಿಯಲ್ಲಿ ಒಂದು ಸಾಮ್ರಾಜ್ಯದ ಸೈನ್ಯ ಎತ್ತಿಲ್ಲದೆ ಸೋತು ಹೋಗಿದೆ, ಅದರ ಬಗ್ಗೆ ನನ್ನ ನಾಟಕದಲ್ಲಿ ಒಂದು ಸಾಲೂ ಇರಲಿಲ್ಲ!

ನಮ್ಮ ಕಡೆಯವರಿಗೆ ಎತ್ತಿನ ಬೆಲೆ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಅನ್ನುವ ಸರ್ಕಾರಿ ದನಗಳ ಇಲಾಖೆಯೇ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಆಯಿತು. ಫಿರಂಗಿ ಎಳೆದುಕೊಂಡು ಓಡುವ ಆ ತಳಿಯೇ ಮೈಸೂರು ದಂಡಿನ ವೇಗ.

ಕುದುರೆಯವರ ಕಥೆ ಇನ್ನೊಂದು ಥರ. ಬಾರ್ಗೀರ ಸರ್ಕಾರದ ಕುದುರೆ ಹತ್ತುವವನು. ಸಿಲ್ಲೇದಾರನದು ಸ್ವಂತ ಕುದುರೆ. ಕುದುರೆ ಸತ್ತರೆ ಸಿಲ್ಲೇದಾರನ ಅನ್ನ ಹೋಯಿತು, ಹಾಗಾಗಿ ಗುಂಡಿನ ಮಳೆಗೆ ನುಗ್ಗು ಅಂದರೆ ಅವನು ಎರಡು ಸಲ ಯೋಚಿಸುತ್ತಿದ್ದ. ಹೇಡಿತನ ಅಂತ ಬೈದವರಿದ್ದಾರೆ. ಸಾಲ ಮಾಡಿ ಆಟೋ ತೆಗೆದುಕೊಂಡವನು ಬಂದ್ ದಿನ ಅದನ್ನು ಬೀದಿಗೆ ಇಳಿಸದಿದ್ದರೆ ಯಾರಾದರೂ ಹೇಡಿ ಅಂತಾರಾ? ಕಂದಾಚಾರ ಅನ್ನುವ ಊರ ಪಡೆಯವರೂ ಇದ್ದರು. ಊರ ಕೋಟೆ ಕಾಯುವ, ಉಳಿದ ದಿನ ಹೊಲ ಉಳುವ ಜನ. ಕೈಗೆ ಸಿಕ್ಕ ಈಟಿ, ಕತ್ತಿ, ಹಳೆಯ ಬತ್ತಿ ಬಂದೂಕು. ನಿಮಗೆ ಕತ್ತಿ ಬೇಕೇ ಬೇಕು ಅಂದರೆ ಇವರಲ್ಲಿ ಒಬ್ಬಿಬ್ಬರ ಕೈಗೆ ಕೊಡಬಹುದು.

ಈಟಿ, ಕುದುರೆ, ನುಗ್ಗುವಿಕೆ ಇದೇ ಬೇಕು ಅನ್ನುವವರು 1780ಕ್ಕೆ ಹೋಗಬೇಡಿ, 1918ಕ್ಕೆ ಬನ್ನಿ. ಆ ವರ್ಷದ ಸೆಪ್ಟೆಂಬರ್ 23ರಂದು ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನ ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಅನ್ನುವ ಕುದುರೆ ಪಡೆ ಮತ್ತು ಜೋಧಪುರದವರು ಮೆಷಿನ್ ಗನ್ನಿನ ಎದುರು ಈಟಿ ಹಿಡಿದೇ ಊರು ಗೆದ್ದರು. ನಮ್ಮವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳು. ಸಾವಿರದ ಮುನ್ನೂರಕ್ಕೂ ಹೆಚ್ಚು ಸೆರೆಯಾಳು ಸಿಕ್ಕರು. ಟಿಪ್ಪುವಿನ ಕಾಲಾಳಿಗೆ ಬಂದೂಕು, ಅವನಾದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಳೆದ ಮೇಲಿನ ಮೈಸೂರು ಸವಾರನಿಗೆ ಈಟಿ! ಇತಿಹಾಸ ನಾವು ಜೋಡಿಸಿದ ವರಸೆಯಲ್ಲಿ ನಡೆಯುವುದಿಲ್ಲ.

ನನ್ನ ಮಾತು ಕೇಳುವುದಾದರೆ ನಾಯಕನನ್ನು ಎತ್ತಿನವನಾಗಿ ಮಾಡಿ. ಇಲ್ಲವೇ ಬಂದೂಕಿನವನಾಗಿ ಮಾಡಿ, ಆದರೆ ಮೊದಲ ಅಂಕದಲ್ಲಿ ಅವನಿಗೆ ಬಂದೂಕು ಕೊಡಬೇಡಿ. ಬರೆಯುವ ಮೊದಲು ಅವನ ಸಂಬಳ, ಅನ್ನ, ಮೇಲಿನ ಅಧಿಕಾರಿ, ಬಿಟ್ಟು ಬಂದ ಹೊಲ ಇಷ್ಟನ್ನು ಗೊತ್ತು ಮಾಡಿಕೊಳ್ಳಿ. ದರಿಯಾ ದೌಲತ್ ಚಿತ್ರ ನೋಡಿ, ಆದರೆ ಬಣ್ಣವನ್ನು ಪೂರ್ತಿ ನಂಬಬೇಡಿ. ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಅದನ್ನು ಮತ್ತೆ ಬರೆಸಿದ್ದಾರೆ. ಅಂಗಿ ಹುಲಿಪಟ್ಟೆಯದು ಮಾಡಿಸಿ, ಹತ್ತಿ ಬಟ್ಟೆ ಸಾಕು.

ಬಂದೂಕನ್ನು ಬಡಗಿಯ ಹತ್ತಿರ ಮರದಲ್ಲಿ ಮಾಡಿಸಿ, ನಾಲ್ಕೂವರೆ ಅಡಿ ಉದ್ದ. ನಿಜವಾದದ್ದು ನಾಲ್ಕೂವರೆ ಕೆಜಿಯಷ್ಟು ತೂಗುತ್ತಿತ್ತು, ಒಳಗೆ ಸ್ವಲ್ಪ ಕಬ್ಬಿಣ ತುಂಬಿಸಿದರೆ ಹುಡುಗರ ಭುಜ ತಾನಾಗಿ ಸರಿಯಾಗಿ ಬಾಗುತ್ತದೆ. ಸಲಾಕೆ ಮಾತ್ರ ಕಬ್ಬಿಣದ್ದೇ ಇರಲಿ, ಹತ್ತು ಜನ ಒಟ್ಟಿಗೆ ಗಿಡಿಯುವ ಸದ್ದು ಹಿಂದಿನ ಸಾಲಿನವರೆಗೂ ಕೇಳಬೇಕು. ಉಸ್ತಾದರ ಬದಲು ನಿಮ್ಮ ಕಾಲೇಜಿನ ಎನ್‌ಸಿಸಿ ಹವಾಲ್ದಾರರನ್ನು ಹಿಡಿಯಿರಿ. ಮೊದಲ ವಾರ ಬರೀ ಹೆಜ್ಜೆ ಹಾಕಿಸಲಿ. ಹುಡುಗರು ಬೇಜಾರು ಅಂತಾರೆ, ಅನ್ನಲಿ. ಕುದುರೆ ತರಿಸುವ ಯೋಚನೆ ಇದ್ದರೆ ಅದನ್ನು ಬೇರೆ ಪ್ರಶ್ನೆಯಾಗಿ ಕೇಳಿ, ಅದರ ಬಗ್ಗೆ ಹೇಳೋಕೆ ನನ್ನ ಹತ್ತಿರ ಬೇಕಾದಷ್ಟಿದೆ.