ಮೈಸೂರಿನ ಮನೆ ಹಿತ್ತಲಲ್ಲಿ ಗಣಿಕೆ ಗಿಡ ಬೆಳೆಸಬಹುದೇ? ಹಕ್ಕಿ, ದುಂಬಿಗಳಿಗೆ ಉಪಯೋಗವಿದೆಯೇ? ವಿಷವಲ್ಲವೇ?

ಧಾರಾಳವಾಗಿ ಬೆಳೆಸಿ. ಕಳೆ ಅಂತ ಕಿತ್ತೆಸೆಯುತ್ತೇವಲ್ಲ, ಅದೇ ಗಿಡ. ಮಾಗಿದ ಕಪ್ಪು ಹಣ್ಣು ಕಿವುಚಿ, ಬೀಜ ತೊಳೆದು, ಮರಳು ಬೆರೆಸಿ ಪಾತಿಯ ಮೇಲೆ ಚೆಲ್ಲಿದರೆ ಸಾಕು. ಆಳಕ್ಕೆ ಹೂತರೆ ಮೊಳೆಯುವುದು ಕಷ್ಟ.

ಇದರ ಪುಟ್ಟ ಬಿಳಿ ಹೂವಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಅದೂ ಹಳದಿ ಪರಾಗಕೋಶಗಳ ಒಳಗೆ, ಹೊರಬರಲು ತುದಿಯಲ್ಲಿ ಸಣ್ಣ ತೂತು ಅಷ್ಟೇ. ನೀಲಿಪಟ್ಟೆಯ ಒಂಟಿ ಜೇನು ಹೂವನ್ನು ತಬ್ಬಿ ಗುಂಯ್ ಅಂತ ಮೈ ಅದುರಿಸಿದಾಗ ಪರಾಗ ಉದುರುತ್ತದೆ. ಜೇನುಪೆಟ್ಟಿಗೆಯ ನೊಣಗಳಿಗೆ ಈ ವಿದ್ಯೆ ಬಾರದು. ಜೇನು ಬಾರದಿದ್ದರೂ ಕಾಯಿ ಕಟ್ಟುತ್ತದೆ, ಸ್ವಕೀಯ ಪರಾಗಸ್ಪರ್ಶವೂ ಆಗುತ್ತದಲ್ಲ. ಹಣ್ಣಿಗೆ ಪಿಕಳಾರಗಳು ಬರುತ್ತವೆ, ಮುಂದಿನ ಬಿತ್ತನೆ ಅವುಗಳದೇ. ಎಲೆ ಜಾಲರಿಯಾಗಿದ್ದರೆ ಅದು ಚುಕ್ಕೆಯ ಎಪಿಲಾಕ್ನಾ ದುಂಬಿಯ ಕೆಲಸ. ಔಷಧಿ ಹೊಡೆಯಬೇಡಿ, ಹೊಡೆಯೋದಾದರೆ ಈ ತೋಟವಾದರೂ ಯಾಕೆ? ಆದರೆ ಬದನೆ, ಟೊಮೆಟೊ ಪಾತಿಯಿಂದ ದೂರವಿಡಿ. ಒಂದೇ ಕುಟುಂಬ, ಕೀಟ, ರೋಗ ಎಲ್ಲ ಹಂಚಿಕೊಳ್ಳುತ್ತವೆ.

ವಿಷದ ಮಾತು: ಹಸಿರು ಕಾಯಿಯಲ್ಲಿ ಸೊಲನಿನ್ ಇದೆ, ವಾಂತಿ, ಹೊಟ್ಟೆನೋವು ಬರಬಹುದು. ಚಿಕ್ಕ ಮಕ್ಕಳಿದ್ದರೆ ಕಾಯಿ ಬಿಟ್ಟ ಗಿಡ ಅವರ ಕೈಗೆ ಸಿಗದ ಕಡೆ ಇರಲಿ. ಎಳೆ ಸೊಪ್ಪನ್ನು ನಮ್ಮ ಕಡೆ ಬೇಯಿಸಿ ಬಸ್ಸಾರು, ಮಸ್ಸೊಪ್ಪಿಗೆ ಹಾಕುವುದು ಹಳೆಯ ರೂಢಿ; ಹಸಿಯಾಗಿ ತಿನ್ನಬಾರದು. ಗುರುತು ಖಚಿತವಿಲ್ಲದಿದ್ದರೆ ಸೊಪ್ಪು ಮಾರುವ ಅಜ್ಜಿಗೆ ಒಂದು ಕೊಂಬೆ ತೋರಿಸಿ ಕೇಳಿ.